ಪಕ್ಕದ ವಿಮಾನ ಇಳೀತು, ನಮ್ಮದ್ಯಾಕೆ ಇಳೀಲಿಲ್ಲ?

(1/8)
"ಮಂಜಲ್ಲಿ ವಿಮಾನ ಇಳಿಸೋದು ಆಟೊಪೈಲಟ್ಟೇ ಅಂತೆ. ಮತ್ತೆ ನೀವಿಬ್ರು ಮುಂದೆ ಕೂತು ಏನ್ ಮಾಡ್ತೀರಿ ಸಾರ್?"

ನವೆಂಬರ್ ಮುಗೀತಿದ್ದ ಹಾಗೆ ಈ ಪ್ರಶ್ನೆ ಶುರುವಾಗುತ್ತೆ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕೇಳ್ತಾರೆ, ಕಟಿಂಗ್ ಶಾಪಲ್ಲಿ ಕೇಳ್ತಾರೆ, ನಿಮ್ಮಲ್ಲಿ ಹತ್ತಾರು ಜನ ಮೆಸೇಜ್ ಮಾಡಿಯೂ ಕೇಳಿದ್ದೀರಿ. ತಮಾಷೆಗೆ ಕೇಳಿದರೂ ಪ್ರಶ್ನೆ ಸರಿಯಾಗಿಯೇ ಇದೆ. ನಾನು ಹಾರಿಸುವ ಏರ್‌ಬಸ್ 320ರಲ್ಲಿ, ದಟ್ಟ ಮಂಜಿದ್ದಾಗ ಇಳಿಸೋದು ನಿಜಕ್ಕೂ ಆಟೊಪೈಲಟ್ಟೇ. ಬಿಸಿಲಿರುವ ದಿನ ನಾವು ಕೈಯಲ್ಲೇ ಇಳಿಸ್ತೀವಿ. ಏನೂ ಕಾಣದ ದಿನ ಕೈಯಲ್ಲಿ ಇಳಿಸೋಕೆ ನಿಯಮವೇ ಬಿಡೋದಿಲ್ಲ.

ಹಾಗಾದರೆ ನಾವು ಯಾಕೆ ಬೇಕು? "ಇವತ್ತು ಇಳಿಯೋದು ಬೇಡ" ಅಂತ ಹೇಳೋಕೆ. ಈ ಸಲದ ಎಂಟು ಭಾಗವೂ ಆ ಒಂದು ಮಾತಿನ ವಿವರಣೆ. ಕಾಫಿ ತಗೊಂಡು ಕೂತ್ಕೊಳ್ಳಿ.

(2/8)
ಮೊದಲು ಲೆಕ್ಕ. ಇಳಿಯುವಾಗ ನಮ್ಮ ವೇಗ ಗಂಟೆಗೆ ಸುಮಾರು 250 ಕಿಲೋಮೀಟರ್. ಅಂದರೆ ಸೆಕೆಂಡಿಗೆ 70 ಮೀಟರ್ ಹತ್ತಿರ.

ಮಾಮೂಲಿ ಇಳಿಯುವಿಕೆಗೆ ಕ್ಯಾಟ್ 1 ಅಂತಾರೆ. ರನ್‌ವೇ ಮೇಲೆ ಕನಿಷ್ಠ 550 ಮೀಟರ್ ಕಾಣಬೇಕು. ನೆಲದಿಂದ 200 ಅಡಿಗೆ ಬರುವಷ್ಟರಲ್ಲಿ ರನ್‌ವೇ ದೀಪ ಕಣ್ಣಿಗೆ ಬೀಳಬೇಕು, ಬೀಳದಿದ್ದರೆ ಮೇಲೆ ಹೋಗಬೇಕು. ಕ್ಯಾಟ್ 2ರಲ್ಲಿ 300 ಮೀಟರ್, 100 ಅಡಿ. ಅದಕ್ಕಿಂತ ಕೆಳಗೆ ಕ್ಯಾಟ್ 3. ಅದರಲ್ಲೂ 3ಬಿ ಅನ್ನೋದರಲ್ಲಿ 50 ಮೀಟರ್ ಕಂಡರೆ ಸಾಕು, ನೆಲ ಮುಟ್ಟುವ ತನಕ ನಮ್ಮ ಕಣ್ಣಿಗೆ ಏನೂ ಕಾಣದಿದ್ದರೂ ನಡೆಯುತ್ತೆ.

50 ಮೀಟರ್ ಅಂದರೆ ನಮ್ಮ ವೇಗದಲ್ಲಿ ಒಂದು ಸೆಕೆಂಡೂ ಇಲ್ಲ. ಎದುರಿಗೆ ಏನೋ ಇದೆ ಅಂತ ಗೊತ್ತಾಗುವಷ್ಟರಲ್ಲಿ ಅದರ ಮೇಲೆ ಇರ್ತೀವಿ.

ಈ ಮೀಟರ್ ಲೆಕ್ಕ ಟವರಿನಲ್ಲಿ ಕೂತವರು ಕಿಟಕಿಯಿಂದ ನೋಡಿ ಹೇಳುವ ಅಂದಾಜಲ್ಲ. ರನ್‌ವೇ ಪಕ್ಕದಲ್ಲೇ ಯಂತ್ರಗಳಿರುತ್ತವೆ. ಒಂದು ಕಡೆಯಿಂದ ಬೆಳಕು ಬಿಟ್ಟು, ಇನ್ನೊಂದು ಕಡೆಗೆ ಅದರಲ್ಲಿ ಎಷ್ಟು ತಲುಪಿತು ಅಂತ ಅಳೆಯುತ್ತವೆ. ಇಳಿಯುವ ಜಾಗ, ನಡುಭಾಗ, ಕೊನೆ, ಹೀಗೆ ಮೂರು ಕಡೆ. ದೆಹಲಿ ಸೇರಿ ನಮ್ಮ ಹಲವು ಏರ್‌ಪೋರ್ಟ್‌ಗಳಲ್ಲಿ ಈ ಕೆಲಸಕ್ಕಿರುವ ಒಂದು ಯಂತ್ರದ ಹೆಸರು 'ದೃಷ್ಟಿ'. ಮಾಡಿದ್ದು ನಮ್ಮ ಬೆಂಗಳೂರಿನ ಎನ್‌ಎಎಲ್, ಹವಾಮಾನ ಇಲಾಖೆಯ ಜೊತೆ ಸೇರಿ.

(3/8)
ಕಾಣದೆ ದಾರಿ ಸಿಗೋದು ಹೇಗೆ? ರನ್‌ವೇ ತುದಿಯಲ್ಲಿರುವ ಆಂಟೆನಾ ಸಾಲು ಎರಡು ಸಿಗ್ನಲ್ ಕಳಿಸುತ್ತೆ. ಒಂದರಲ್ಲಿ 90 ಹರ್ಟ್ಸ್‌ನ ಮಿಡಿತ, ಇನ್ನೊಂದರಲ್ಲಿ 150. ನೀವು ರನ್‌ವೇಯ ಎಡಕ್ಕಿದ್ದರೆ ಒಂದು ಜೋರು, ಬಲಕ್ಕಿದ್ದರೆ ಇನ್ನೊಂದು ಜೋರು. ಎರಡೂ ಸಮವಾಗಿದ್ದರೆ ನಟ್ಟ ನಡುವೆ ಇದ್ದೀರಿ ಅಂತ ಅರ್ಥ. ಎತ್ತರಕ್ಕೂ ಇಂಥದ್ದೇ ಇನ್ನೊಂದು ಜೋಡಿ, ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿಗೆ. ಇದೇ ಐಎಲ್‌ಎಸ್. ತೂಕದ ತಕ್ಕಡಿ ಇದ್ದ ಹಾಗೆ, ಮುಳ್ಳು ಮಧ್ಯಕ್ಕೆ ಬಂದರೆ ಸರಿ.

ಕೊನೆಯ ಭಾಗಕ್ಕೆ ರೇಡಿಯೋ ಆಲ್ಟಿಮೀಟರ್. ಹೊಟ್ಟೆಯ ಕೆಳಗಿಂದ ನೆಲಕ್ಕೆ ರೇಡಿಯೋ ಅಲೆ ಬಿಟ್ಟು, ಅದು ವಾಪಸ್ ಬಂದದ್ದರಿಂದ ಎತ್ತರ ಹೇಳುತ್ತೆ. ಸುಮಾರು 350 ಅಡಿಯಲ್ಲಿ ನಮ್ಮ ತೆರೆಯ ಮೇಲೆ ಹಸಿರಲ್ಲಿ 'ಲ್ಯಾಂಡ್' ಅಂತ ಬರಬೇಕು. 40 ಅಡಿ ಹತ್ತಿರ 'ಫ್ಲೇರ್', ಅಂದರೆ ಮೂಗು ಮೇಲೆತ್ತೋದು. ಆಮೇಲೆ ಯಂತ್ರದ ಗಂಡುಧ್ವನಿ ಕೂಗುತ್ತೆ: ಫಿಫ್ಟಿ, ಫಾರ್ಟಿ, ಥರ್ಟಿ, ಟ್ವೆಂಟಿ. ಹತ್ತು ಅಡಿಯಲ್ಲಿ 'ರಿಟಾರ್ಡ್' ಅನ್ನುತ್ತೆ, ಥ್ರಸ್ಟ್ ಲಿವರ್ ಹಿಂದಕ್ಕೆ ಎಳೆಯೋದು ನನ್ನ ಕೆಲಸ. ಚಕ್ರ ನೆಲ ಮುಟ್ಟಿದ ಮೇಲೂ ರನ್‌ವೇ ನಡುಗೆರೆಯ ಮೇಲೆ ಓಡಿಸೋದು ಆಟೊಪೈಲಟ್ಟೇ.

ಹೊರಗೆ ಹಾಲಿನಂಥ ಬಿಳುಪು. ಒಂದೆರಡು ದೀಪ ಸರ್ರನೆ ಕೆಳಗೆ ಹೋದಂತೆ ಕಾಣುತ್ತೆ. ಅಷ್ಟೊತ್ತಿಗೆ ನೆಲದ ಮೇಲಿರ್ತೀವಿ.

(4/8)
ಇಂಥ ನಂಬಿಕೆ ಒಂದು ದಿನದಲ್ಲಿ ಬಂದದ್ದಲ್ಲ. ಶುರುವಾದದ್ದು ಇಂಗ್ಲೆಂಡಿನಲ್ಲಿ. ಕಲ್ಲಿದ್ದಲ ಹೊಗೆ ಮತ್ತು ಮಂಜು ಸೇರಿ ಲಂಡನ್ ಚಳಿಗಾಲದಲ್ಲಿ ಕುರುಡಾಗುತ್ತಿದ್ದ ಕಾಲ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಕುರುಡು ಇಳಿಯುವಿಕೆಗೆಂದೇ ಅವರು ಒಂದು ಪ್ರಯೋಗ ಘಟಕ ಕಟ್ಟಿದರು. 1965ರ ಜೂನ್ 10ರಂದು, ಪ್ಯಾರಿಸ್‌ನಿಂದ ಬಂದ ಟ್ರೈಡೆಂಟ್ ವಿಮಾನ ಲಂಡನ್ನಿನ ಹೀಥ್ರೂನಲ್ಲಿ ತಾನಾಗಿಯೇ ನೆಲ ಮುಟ್ಟಿತು. ಟಿಕೆಟ್ ಕೊಟ್ಟು ಕೂತ ಪ್ರಯಾಣಿಕರಿದ್ದ ವಿಮಾನದಲ್ಲಿ ಅದೇ ಮೊದಲು.

ಟ್ರೈಡೆಂಟ್‌ನ ಉಪಾಯ ನಮ್ಮ ಊರಿನ ಪಂಚಾಯ್ತಿ ಕಟ್ಟೆಗೂ ಹೊಂದುತ್ತೆ. ಮೂರು ವ್ಯವಸ್ಥೆ ಒಟ್ಟಿಗೆ ಕೆಲಸ ಮಾಡುತ್ತವೆ. ಒಂದು ಬೇರೆ ಮಾತಾಡಿದರೆ ಉಳಿದೆರಡು ಸೇರಿ ಅದನ್ನ ಹೊರಗೆ ಹಾಕುತ್ತವೆ. ಇವತ್ತಿನ ಏರ್‌ಬಸ್‌ನಲ್ಲಿ ವಿನ್ಯಾಸ ಬೇರೆ, ಆದರೆ ತತ್ವ ಅದೇ. ಕ್ಯಾಟ್ 3ಬಿಗೆ ಎರಡು ಆಟೊಪೈಲಟ್ ಒಟ್ಟಿಗೆ ಹಾಕ್ತೀವಿ. ಕೊನೆಯ 100 ಅಡಿಯಲ್ಲಿ ಒಂದು ಸತ್ತರೂ ಇನ್ನೊಂದು ಇಳಿಸಿ ಮುಗಿಸುತ್ತೆ. ಈ ಎರಡನೆಯದು ಇದೆ ಅನ್ನೋ ಧೈರ್ಯಕ್ಕೇ ನಮಗೆ 50 ಮೀಟರ್‌ನ ಅನುಮತಿ.

(5/8)
ಯಂತ್ರಕ್ಕೆ ನಾಚಿಕೆ ಇಲ್ಲ, ಸುಳ್ಳನ್ನೂ ಸತ್ಯದ ಹಾಗೇ ನಂಬುತ್ತೆ. 2009ರ ಫೆಬ್ರವರಿ 25ರಂದು ಇಸ್ತಾಂಬುಲ್‌ನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಬರುತ್ತಿದ್ದ ಬೋಯಿಂಗ್ 737ರಲ್ಲಿ ಎಡಗಡೆಯ ರೇಡಿಯೋ ಆಲ್ಟಿಮೀಟರ್ ಕೆಟ್ಟಿತ್ತು. ವಿಮಾನ ಸುಮಾರು 2,000 ಅಡಿ ಮೇಲಿರುವಾಗಲೇ ಅದು ಮೈನಸ್ 8 ಅಡಿ ಅಂತ ತೋರಿಸಿತು. ಆಟೊಥ್ರಾಟಲ್ ಪಾಪ, ನೆಲ ಬಂತು ಅಂದುಕೊಂಡು ಎಂಜಿನ್ ಶಕ್ತಿಯನ್ನ ಪೂರ್ತಿ ಇಳಿಸಿತು. ವೇಗ ಬೀಳ್ತಾ ಹೋದದ್ದು ಕಾಕ್‌ಪಿಟ್‌ನಲ್ಲಿದ್ದವರ ಗಮನಕ್ಕೆ ಬರುವಷ್ಟರಲ್ಲಿ ತಡವಾಗಿತ್ತು. ರನ್‌ವೇಗೆ ಮುಂಚೆಯೇ ಹೊಲದಲ್ಲಿ ಬಿತ್ತು. 135 ಜನರಲ್ಲಿ 9 ಮಂದಿ ಹೋದರು.

ಅದಕ್ಕೇ ನಾವು ಸುಮ್ಮನೆ ಕೂತಿರೋದಿಲ್ಲ. ಒಬ್ಬರ ಕಣ್ಣು ಮೀಟರ್‌ಗಳ ಮೇಲೆ, ತೆರೆಯಲ್ಲಿ ಬರುವ ಪ್ರತಿ ಪದವನ್ನೂ ಬಾಯಿಬಿಟ್ಟು ಓದ್ತೀವಿ. ಬರಬೇಕಾದ ಪದ ಬರಬೇಕಾದ ಎತ್ತರದಲ್ಲಿ ಬರದಿದ್ದರೆ ಮೇಲೆ ಹೋಗ್ತೀವಿ. 200 ಅಡಿಯ ಕೆಳಗೆ 'ಆಟೊಲ್ಯಾಂಡ್' ಅನ್ನೋ ಕೆಂಪು ದೀಪ ಹತ್ತಿ, ಹೊರಗೆ ಏನೂ ಕಾಣದಿದ್ದರೆ ಚರ್ಚೆ ಇಲ್ಲ, ಲಿವರ್ ಪೂರ್ತಿ ಮುಂದಕ್ಕೆ. ಆ ಹೊತ್ತಲ್ಲಿ ಚಕ್ರ ಒಂದು ಕ್ಷಣ ನೆಲ ಮುಟ್ಟಿ ಮೇಲೇಳಬಹುದು. ಅದಕ್ಕೂ ತಯಾರಿ ಇದೆ. ಇದಕ್ಕಾಗಿ ಸಿಮ್ಯುಲೇಟರ್‌ನಲ್ಲಿ ನಮ್ಮನ್ನ ಮತ್ತೆ ಮತ್ತೆ ಕೂರಿಸಿ, ಬೇಕಂತಲೇ ಒಂದೊಂದೇ ಕೆಡಿಸಿ ನೋಡ್ತಾರೆ. ಆ ತರಬೇತಿ ಇಲ್ಲದ ಪೈಲಟ್, ವಿಮಾನ ಎಷ್ಟೇ ಹೊಸದಾಗಿದ್ದರೂ ಮಂಜಲ್ಲಿ ಇಳಿಯೋ ಹಾಗಿಲ್ಲ.

(6/8)
ಈಗ ತಲೆಬರಹದ ಪ್ರಶ್ನೆ. ಒಂದು ಜನವರಿ ಬೆಳಗ್ಗೆ ಮುಂಬೈಯಿಂದ ಬೆಂಗಳೂರಿಗೆ ಬರ್ತಿದ್ವಿ. ದೇವನಹಳ್ಳಿಯ ಮಂಜು ನಿಮಗೆ ಗೊತ್ತಲ್ಲ, ನಂದಿಬೆಟ್ಟದಿಂದ ನೋಡೋರಿಗೆ ಸ್ವರ್ಗ, ನಮಗೆ ತಲೆನೋವು. ರನ್‌ವೇ ಮೇಲೆ 100 ಮೀಟರ್. ದಕ್ಷಿಣದ ರನ್‌ವೇಗೆ ಕ್ಯಾಟ್ 3ಬಿ ಇರುವುದರಿಂದ ಅದು ಸಾಕು, ನಮ್ಮ ಮುಂದಿದ್ದವರು ಇಳೀತಿದ್ರು. ಇಳಿಯೋಕೆ ಇಪ್ಪತ್ತು ನಿಮಿಷ ಇರುವಾಗ ನಮ್ಮ ಎರಡನೇ ಆಟೊಪೈಲಟ್ ಕೈಕೊಟ್ಟಿತು. ಮತ್ತೆ ಹಾಕಿ ನೋಡಿದ್ವಿ, ಹತ್ತಲಿಲ್ಲ. ತೆರೆಯಲ್ಲಿ 'ಕ್ಯಾಟ್ 3 ಡ್ಯುಯಲ್' ಇರಬೇಕಾದ ಕಡೆ 'ಕ್ಯಾಟ್ 3 ಸಿಂಗಲ್' ಅಂತ ಬಂತು.

ಒಂದೇ ಇದ್ದರೆ ನಿಯಮ ಬೇರೆ. 175 ಮೀಟರ್ ಇರಬೇಕು, 50 ಅಡಿಗೆ ಬರುವಷ್ಟರಲ್ಲಿ ದೀಪ ಕಾಣಬೇಕು. ಇಪ್ಪತ್ತು ನಿಮಿಷ ಮೇಲೆ ಸುತ್ತಿದ್ವಿ. ಮಂಜು ತಿಳಿಯಾಗಲಿಲ್ಲ. ಇಂಧನ ಹಿಂದಿನ ರಾತ್ರಿಯೇ ಗೊತ್ತು ಮಾಡಿದ್ದ ಗೆರೆಗೆ ಬಂತು. ಚೆನ್ನೈಗೆ ತಿರುಗಿಸಿದೆ.

ಚೆನ್ನೈಯಲ್ಲಿ ಬಾಗಿಲು ತೆಗೆದಾಗ ಐವತ್ತು ದಾಟಿದ ಒಬ್ಬರು ಕಾಕ್‌ಪಿಟ್ ಹತ್ತಿರ ಬಂದು ನಿಂತರು. ನನ್ನ ಹೆಸರು ನೋಡಿ ಕನ್ನಡದಲ್ಲೇ ಕೇಳಿದರು. "ನಮ್ಮಪ್ಪ ಐಸಿಯುನಲ್ಲಿದಾರೆ ಸಾರ್. ನಮ್ಮ ತಮ್ಮ ಏರ್‌ಪೋರ್ಟಲ್ಲೇ ನಿಂತಿದಾನೆ, ಬೇರೆ ವಿಮಾನ ಎಲ್ಲ ಇಳೀತಿದೆ ಅಂತಾನೆ. ನಮ್ಮದ್ಯಾಕೆ ಇಳೀಲಿಲ್ಲ?"

ಇದ್ದದ್ದನ್ನ ಇದ್ದ ಹಾಗೇ ಹೇಳಿದೆ.

"ಒಂದು ಕೆಲಸ ಮಾಡ್ತಿತ್ತಲ್ಲ?"

"ಮಾಡ್ತಿತ್ತು. ಕೊನೆಯ ನಾಲ್ಕು ಸೆಕೆಂಡಲ್ಲಿ ಅದೂ ನಿಂತಿದ್ರೆ ನನ್ನ ಕಣ್ಣಿಗೆ ರನ್‌ವೇ ಕಾಣಬೇಕಿತ್ತು. ನೂರು ಮೀಟರಲ್ಲಿ ಕಾಣ್ತಿರಲಿಲ್ಲ."

ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತು, "ಮತ್ತೆ ಎಷ್ಟೊತ್ತಿಗೆ ಬಿಡ್ತೀರಿ?" ಅಂದರು. ಅಷ್ಟೇ ಮಾತು.

(7/8)
ಅವತ್ತು ಇಳಿದಿದ್ದರೆ ಬಹುಶಃ ಚೆನ್ನಾಗೇ ಇಳೀತಿತ್ತು. ಉಳಿದ ಆಟೊಪೈಲಟ್ ಆಮೇಲೆ ಇಡೀ ದಿನ ಕೆಲಸ ಮಾಡಿತು. ನನ್ನ ನಿರ್ಧಾರ ಸರಿ ಅಂತ ತೋರಿಸೋಕೆ ನನ್ನ ಹತ್ತಿರ ಯಾವ ಸಾಕ್ಷಿಯೂ ಇಲ್ಲ. ಇಳಿಯದೆ ಹೋದವರಿಗೆ ಸಾಕ್ಷಿ ಸಿಗೋದೇ ಇಲ್ಲ. ಸಿಗೋದು ತಡವಾದ ಸಿಟ್ಟು, ತಪ್ಪಿಹೋದ ಕನೆಕ್ಷನ್, ಕೆಲವೊಮ್ಮೆ ಇಂಥ ಒಂದು ಮುಖ.

ಅದಕ್ಕೇ ಈ ಸಂಖ್ಯೆಗಳನ್ನ ಮೊದಲೇ ಬರೆದಿಡ್ತಾರೆ. ನಮ್ಮ ಭಾಷೆಯಲ್ಲಿ ಅದಕ್ಕೆ 'ಡಿಸಿಷನ್ ಹೈಟ್' ಅಂತ ಹೆಸರಿದ್ದರೂ, ನಿರ್ಧಾರ ಆ ಎತ್ತರದಲ್ಲಿ ಹುಟ್ಟೋದಲ್ಲ. ಮಂಜೂ ಇಲ್ಲದ, ಯಾರ ಮುಖವೂ ಎದುರಿಗಿಲ್ಲದ ಮೇಜಿನ ಮುಂದೆ ಕೂತು ಮಾಡಿದ ನಿರ್ಧಾರ ಅದು. ಅಲ್ಲಿಗೆ ಬಂದಾಗ ನಾವು ಅದನ್ನ ಓದಿ ಹೇಳ್ತೀವಿ, ಅಷ್ಟೆ. ಐಸಿಯುನಲ್ಲಿರುವ ತಂದೆಯ ವಿಷಯ ನನಗೆ ಮೇಲಿರುವಾಗಲೇ ಗೊತ್ತಿದ್ದರೆ? ಸಂಖ್ಯೆ ಬದಲಾಗ್ತಿರಲಿಲ್ಲ. ಆದರೆ ಮನಸ್ಸು ಅದರ ಜೊತೆ ಚೌಕಾಶಿಗೆ ಇಳೀತಿತ್ತು. ಆ ಚೌಕಾಶಿಗೆ ಜಾಗ ಇರಬಾರದು ಅಂತಲೇ ನಿಯಮ. ಅವರ ಹಾಗೆ ಹಿಂದೆ ಕೂತಿದ್ದ ಉಳಿದ ನೂರೆಪ್ಪತ್ತು ಜನರಿಗೂ ಮನೆಯಲ್ಲಿ ಯಾರೋ ಕಾಯ್ತಿದ್ರು.

(8/8)
ಕೊನೆಗೆ ನೀವು ಕೇಳುವ ಇನ್ನೆರಡು ಪ್ರಶ್ನೆ.

ಕ್ಯಾಟ್ 3 ಇದ್ದರೂ ದೆಹಲಿಯಲ್ಲಿ ಅಷ್ಟೊಂದು ತಡ ಯಾಕೆ? ಇಳಿದ ವಿಮಾನದ ಲೋಹದ ಮೈಗೆ ತಾಗಿ ಐಎಲ್‌ಎಸ್ ಸಿಗ್ನಲ್ ಬಾಗುತ್ತೆ. ಅದು ರನ್‌ವೇಯಿಂದ ದೂರ ಸರಿಯುವ ತನಕ ಹಿಂದಿನವರು ಕಾಯಬೇಕು, ಹಾಗಾಗಿ ಗಂಟೆಗೆ ಇಳಿಯುವ ವಿಮಾನಗಳ ಸಂಖ್ಯೆ ಕಮ್ಮಿಯಾಗುತ್ತೆ. ಇನ್ನೊಂದು ವಿಚಿತ್ರ ಕೇಳಿ. ಇಳಿಯೋಕೆ 50 ಮೀಟರ್ ಸಾಕು, ಆದರೆ ಹಾರೋಕೆ 125 ಮೀಟರ್ ಬೇಕು. ಯಾಕೆಂದರೆ ಟೇಕಾಫ್ ಮಾಡೋದು ನಮ್ಮ ಕೈ, ನಮ್ಮ ಕಣ್ಣು. ಹಾಗಾಗಿ ಒಳಗೆ ಬಂದವು ಹೊರಗೆ ಹೋಗದೆ ನಿಲ್ಲೋಕೆ ಜಾಗವೇ ಇಲ್ಲದಂತಾಗುತ್ತೆ. ನೆಲದ ಮೇಲಿನ ಓಡಾಟವೂ ಆಮೆ ನಡಿಗೆ. ಅದನ್ನ ಹಗುರವಾಗಿ ತಗೊಳ್ಳೋ ಹಾಗಿಲ್ಲ. ವಿಮಾನಯಾನದ ಅತಿ ದೊಡ್ಡ ಅಪಘಾತ, 1977ರಲ್ಲಿ ಟೆನೆರೀಫ್‌ನಲ್ಲಿ 583 ಜನ ಸತ್ತದ್ದು, ಆಕಾಶದಲ್ಲಲ್ಲ. ಮಂಜು ಕವಿದ ರನ್‌ವೇ ಮೇಲೆ ಎರಡು ಜಂಬೋ ವಿಮಾನ ಡಿಕ್ಕಿ ಹೊಡೆದದ್ದು.

ಫೋನ್ ಪೂರ್ತಿ ಆಫ್ ಮಾಡಿ ಅಂತ ಮಂಜಿನ ದಿನ ಯಾಕೆ ಹೇಳ್ತಾರೆ? ಮೇಲೆ ಹೇಳಿದ ತಕ್ಕಡಿ ಮುಳ್ಳು ನೆನಪಿದೆಯಲ್ಲ. ಆ ಕೊನೆಯ ಕೆಲವು ಸೆಕೆಂಡ್ ಅದರ ಹತ್ತಿರ ಯಾರೂ ಉಸಿರೂ ಬಿಡಬಾರದು ಅನ್ನೋ ಎಚ್ಚರ. ಫ್ಲೈಟ್ ಮೋಡ್ ಸಾಲದು, ಆಫ್ ಮಾಡಿಬಿಡಿ.

ಈ ಚಳಿಗಾಲದಲ್ಲಿ ಬೆಳಗಿನ ವಿಮಾನ ಹಿಡೀತಿದ್ದರೆ, ಆಸ್ಪತ್ರೆ ಅಥವಾ ಪರೀಕ್ಷೆ ಅಂಥ ತಪ್ಪಿಸೋಕಾಗದ ಕೆಲಸ ಇದ್ದರೆ, ಆದಷ್ಟೂ ಹಿಂದಿನ ಸಂಜೆಯೇ ಹೊರಡಿ. ಮಂಜು ಸಾಮಾನ್ಯವಾಗಿ ಬೆಳಗಿನ ಜಾವ ದಟ್ಟ, ಬಿಸಿಲು ಏರಿದ ಹಾಗೆ ಕರಗುತ್ತೆ. ನಾವು ಅವತ್ತು ಹತ್ತೂವರೆಗೆ ದೇವನಹಳ್ಳಿಯಲ್ಲಿ ಇಳಿದಾಗ ಒಳ್ಳೇ ಬಿಸಿಲಿತ್ತು. ಕೈಯಲ್ಲೇ ಇಳಿಸಿದೆ. ಅವರು ಎಲ್ಲರಿಗಿಂತ ಮೊದಲು ಇಳಿದು ಓಡಿದರು.

ಮುಂದಿನ ವಾರ: ಮಳೆಯಲ್ಲಿ ಮಂಗಳೂರು.

#ಮಂಜು #ವಿಮಾನ #ಬೆಂಗಳೂರು #ಕನ್ನಡ