ತೆಗೆಸಾಕಬೇಡಿ

ಬೆಳಗ್ಗೆ ಪೇಪರ್ ಬಿಡಿಸುವ ಮೊದಲೇ ಸಿಟ್ಟು ಬರಿಸಿದ್ದು ಒಂದು ಮಾತು. ಅಣ್ಣನ ಮಗಳಿಗೆ ಹೊಸ ಲ್ಯಾಪ್‌ಟಾಪ್ ಬಂದಿದೆ. ಕುಣಿಗಲ್ಲಿನಿಂದ ದಿನಾ ಬಸ್ಸಿನಲ್ಲಿ ತುಮಕೂರಿಗೆ ಬಂದು ಇಂಜಿನಿಯರಿಂಗ್ ಓದುವ ಹುಡುಗಿ. ಕೊಳ್ಳುವಾಗಲೇ ಅದರಲ್ಲಿ ಉಬುಂಟು ಲಿನಕ್ಸ್ ಇತ್ತು. ಅಂಗಡಿಯವರು ಬಿಲ್ಲಿನ ಜೊತೆಗೇ, "ಇದನ್ನ ತೆಗೆಸಾಕಿ, ಐನೂರು ಕೊಡಿ, ವಿಂಡೋಸ್ ಹಾಕ್ಕೊಡ್ತೀವಿ" ಅಂದರಂತೆ. ಐನೂರಕ್ಕೆ ಸಿಗುವ ವಿಂಡೋಸ್ ಎಂಥದ್ದು ಅಂತ ಎಲ್ಲರಿಗೂ ಗೊತ್ತು. ನ್ಯಾಯವಾಗಿ, ಪುಕ್ಕಟೆಯಾಗಿ ಕೈಗೆ ಬಂದದ್ದನ್ನು ಅಳಿಸಿ ಕದ್ದದ್ದನ್ನು ದುಡ್ಡು ಕೊಟ್ಟು ಹಾಕಿಸಿಕೊಳ್ಳಿ ಅನ್ನುವ ಸಲಹೆಯನ್ನು ಇಷ್ಟು ಸಲೀಸಾಗಿ ಕೊಡುತ್ತಾರಲ್ಲ!

ತೆಗೆಸಲಿಲ್ಲ, ಅಪ್‌ಗ್ರೇಡ್ ಮಾಡಲು ಕೂತೆವು. ಬಂದದ್ದು 22.04, ಅಂದರೆ 2022ರ ಏಪ್ರಿಲ್‌ನದು. ಹೆಸರಿನಲ್ಲೇ ಇಸವಿ, ತಿಂಗಳು ಎರಡೂ ಇರುತ್ತವೆ. ಎರಡು ವರ್ಷಕ್ಕೊಮ್ಮೆ ಬರುವ ಇಂಥ ದೀರ್ಘಾವಧಿ ಆವೃತ್ತಿಗಳಿಗೆ ಐದು ವರ್ಷ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಹಾಗಾಗಿ ಅವಸರವೇನೂ ಇರಲಿಲ್ಲ, ಆದರೆ ಹುಡುಗಿಗೆ 24.04 ಬೇಕಿತ್ತು. ಇನ್ನೂ ಹಳೆಯ 20.04 ಇದ್ದಿದ್ದರೆ ನೇರವಾಗಿ ಜಿಗಿಯಲು ಬರುತ್ತಿರಲಿಲ್ಲ. ತುಮಕೂರಿನಿಂದ ತಿಪಟೂರಿಗೆ ಹೊರಟ ಪ್ಯಾಸೆಂಜರ್ ಗಾಡಿ ಗುಬ್ಬಿ, ನಿಟ್ಟೂರು, ಸಂಪಿಗೆ ರೋಡ್, ಬಾಣಸಂದ್ರ ಎಲ್ಲ ಮುಟ್ಟಿಕೊಂಡೇ ಹೋಗುವ ಹಾಗೆ, ನಡುವಿನ 22.04ರಲ್ಲಿ ನಿಂತೇ ಮುಂದೆ ಹೋಗಬೇಕು. ಅಪ್‌ಗ್ರೇಡಿಗೆ ಮೊದಲು ಫೈಲುಗಳ ಪ್ರತಿ ತೆಗೆದಿಡುವುದು, ಚಾರ್ಜರ್ ಸಿಕ್ಕಿಸುವುದು ಎಲ್ಲ ಯಾರಾದರೂ ಹೇಳುತ್ತಾರೆ.

ಯಾರೂ ಹೇಳದ ಸಂಗತಿ ಇನ್ನೊಂದಿದೆ. ಕಂಪನಿಯೇ ಹಾಕಿ ಕೊಟ್ಟ ಲಿನಕ್ಸೂ ನಾವೇ ಡೌನ್‌ಲೋಡ್ ಮಾಡಿ ಹಾಕಿಕೊಂಡ ಲಿನಕ್ಸೂ ಪೂರ್ತಿ ಒಂದೇ ಅಲ್ಲ. ಆ ಮಾಡೆಲ್ಲಿನ ವೈಫೈಗೆ, ಟಚ್‌ಪ್ಯಾಡಿಗೆ ಹೊಂದುವ ಡ್ರೈವರುಗಳಿಗಾಗಿ ತಯಾರಕರು ತಮ್ಮದೇ ಬೇರೆ ತಂತ್ರಾಂಶ ಭಂಡಾರದ ವಿಳಾಸವನ್ನೂ ಅದರಲ್ಲಿ ಸೇರಿಸಿರಬಹುದು. ಅಪ್‌ಗ್ರೇಡ್ ಶುರುವಾದರೆ ಉಬುಂಟು ಹೊರಗಿನ ಭಂಡಾರಗಳನ್ನು ತಡೆಹಿಡಿದೇ ಮುಂದಕ್ಕೆ ಹೆಜ್ಜೆ ಇಡುವುದು. ನಡುವೆ ಒಂದು ಪ್ರಶ್ನೆಯೂ ಬಂತು: ಈ ಸೆಟ್ಟಿಂಗ್ ಫೈಲು ಬದಲಾಗಿದೆ, ಹೊಸದನ್ನು ಹಾಕಲೇ, ಇದ್ದದ್ದೇ ಇರಲೇ? ಹುಡುಗಿ ಗಾಬರಿಯಾದಳು. ಅವಳೇನೂ ಮುಟ್ಟಿರಲಿಲ್ಲ, ಬದಲಿಸಿದ್ದು ತಯಾರಕರು. ಇದ್ದದ್ದೇ ಇರಲಿ ಅಂತ ಎನ್ ಒತ್ತಿದೆವು. ಮೆಷೀನು ಮತ್ತೆ ಎದ್ದಾಗ ವೈಫೈ ತಾನಾಗಿ ಹಿಡಿಯಿತು.

ಆಮೇಲೆ ನಾನು ಅವಳನ್ನು ಬಿಡಲಿಲ್ಲ. ಸೆಟ್ಟಿಂಗ್ಸ್ ತೆರೆದು, ಕೀಬೋರ್ಡಿಗೆ ಹೋಗಿ, ಕನ್ನಡ ಹುಡುಕು ಅಂದೆ. ಸಿಕ್ಕಿತು, ಒಂದಲ್ಲ, ಎರಡು ವಿನ್ಯಾಸ. ಒಂದು ಇನ್‌ಸ್ಕ್ರಿಪ್ಟ್, ಇನ್ನೊಂದು ಕಗಪ, ನಮ್ಮ ಕನ್ನಡ ಗಣಕ ಪರಿಷತ್ತಿನ ಹೆಸರು ಹೊತ್ತದ್ದು. ಅದರ ಹಿಂದೆ ಇರುವುದು ಕಿನ್ನಿಕಂಬಳದ ಕೆ.ಪಿ. ರಾವ್ ಅವರ ಬುದ್ಧಿ. ವ್ಯಂಜನದಲ್ಲಿ ಅಕಾರ ಹೇಗೂ ಇದೆ, ಅದನ್ನು ಮತ್ತೆ ಒತ್ತುವುದೇಕೆ ಎನ್ನುವುದು ಅದರ ತಳಹದಿ. ಒತ್ತಕ್ಷರಕ್ಕೂ ಅಕಾರ ಕಳಚುವುದಕ್ಕೂ ಎಫ್ ಕೀಲಿ. ಗುಬ್ಬಿ ಬರೆಯಲು ಜಿ, ಯು, ಬಿ, ಎಫ್, ಬಿ, ಐ. ಕುಣಿಗಲ್ಲಿಗೆ ಕೆ, ಯು, ಶಿಫ್ಟ್ ಹಿಡಿದು ಎನ್, ಐ, ಜಿ, ಎಲ್, ಕೊನೆಗೊಂದು ಎಫ್. ಮಗ್ಗಿ ಹೇಳಿದಷ್ಟು ಸರಾಗ. ಬೆರಳಿಗೆ ಕನ್ನಡದ ವ್ಯಾಕರಣವೇ ಹತ್ತುತ್ತದೆ, ಯಾವುದು ಮೂಲಾಕ್ಷರ, ಯಾವುದು ಒತ್ತು ಅಂತ ಯೋಚಿಸದೆ ಒಂದು ಪದವೂ ಮೂಡುವುದಿಲ್ಲ. ಇಂಗ್ಲಿಷ್ ಕಾಗುಣಿತದಲ್ಲಿ ಬರೆದು, ಫೋನು ಊಹಿಸಿ ಕೊಟ್ಟ ಕನ್ನಡವನ್ನು ಒಪ್ಪಿಕೊಳ್ಳುವ ಮಕ್ಕಳಿಗೆ ಈ ಸುಖ ಗೊತ್ತೇ ಆಗುತ್ತಿಲ್ಲ. ನಮ್ಮ ಶಾಲೆಗಳಲ್ಲಿ ಏಳನೆಯ ತರಗತಿಯ ಹೊತ್ತಿಗೆ ಪ್ರತಿ ಮಗುವಿಗೂ ಇದನ್ನು ಕಲಿಸಲೇಬೇಕು. ಅದಕ್ಕೆ ಬೇಕಾದ ತಂತ್ರಾಂಶ ಪ್ರತಿ ಉಬುಂಟು ಮೆಷೀನಿನ ಒಳಗೆ, ಇಂಟರ್‌ನೆಟ್ಟನ್ನೂ ಕೇಳದೆ, ಸುಮ್ಮನೆ ಕೂತಿದೆ. ತೆಗೆಸಾಕಿ ಅಂದವರು ತೆಗೆಸಾಕಲು ಹೇಳಿದ್ದು ಇದನ್ನೂ ಸೇರಿಸಿಯೇ.

ಕೀಬೋರ್ಡೇನೋ ಆಯಿತು, ಹಳೆಯ ಫಾಂಟುಗಳ ಪಾಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟುಗಳವು. ಆ ಫಾಂಟಿಲ್ಲದ ಕಡೆ ತೆರೆದರೆ ಇಡೀ ಪುಸ್ತಕ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಲಿಪಿಗಳ ಜಾಗತಿಕ ಸಂಕೇತ ಪದ್ಧತಿಯಾದ ಯೂನಿಕೋಡ್ 1991ರಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳನ್ನು ಮೀಸಲಿಟ್ಟ ಮೇಲೂ ಎಷ್ಟು ವರ್ಷ ನಾವು ಆ ಚೂರುಗಳಲ್ಲೇ ಬರೆದೆವು!

ಫಾಂಟುಗಳ ಪಟ್ಟಿ ತೆಗೆದಾಗ ಹುಡುಗಿಯೇ ಕೂಗಿದಳು: "ಚಿಕ್ಕಪ್ಪ, ಗುಬ್ಬಿ ಇದೆ ನೋಡಿ ಇಲ್ಲಿ!" ಹೌದು, ಗುಬ್ಬಿ ಅಂತಲೇ ಒಂದು ಕನ್ನಡ ಫಾಂಟು, ಅದರ ಜೊತೆಗೆ ಕೈಬರಹದಂತಿರುವ ನವಿಲು. ಎರಡನ್ನೂ ರೂಪಿಸಿ ಎಲ್ಲರಿಗೂ ಬಿಟ್ಟುಕೊಟ್ಟವರು ಅರವಿಂದ ವಿ.ಕೆ. ಪಕ್ಕದಲ್ಲಿ ನವಿಲು ಇರುವುದು ನೋಡಿದರೆ ಅದು ಹಕ್ಕಿಯೇ ಸರಿ. ಆದರೆ ತುಮಕೂರಿನ ಕಣ್ಣಿಗೆ ಅದು ಊರಾಗಿಯೇ ಕಂಡಿತು, ನನ್ನ ತಲೆಯೂ ಲ್ಯಾಪ್‌ಟಾಪ್ ಬಿಟ್ಟು ಅತ್ತ ಹೊರಟಿತು.

ಗುಬ್ಬಿಗೆ ಅಕ್ಷರದ ನಂಟು ಹಳೆಯದು. ಭಾವಚಿಂತಾರತ್ನ ಕಾವ್ಯ ಬರೆದ ಮಲ್ಲಣಾರ್ಯ ಹದಿನಾರನೆಯ ಶತಮಾನದಲ್ಲೇ ಗುಬ್ಬಿಯವನು. 1884ರಲ್ಲಿ ಅಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಗೆ ಹುಡುಗನಾಗಿ ಸೇರಿದ ವೀರಣ್ಣನವರು ಮುಂದೆ ಅದರ ಒಡೆಯರಾದರು. ಕುರುಕ್ಷೇತ್ರ ನಾಟಕದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ರಾಜ್‌ಕುಮಾರ್, ಜಿ.ವಿ. ಅಯ್ಯರ್ ಆ ಕಂಪನಿಯಲ್ಲಿ ಪಳಗಿದವರು. ಬಿ.ವಿ. ಕಾರಂತರನ್ನು ಕಾಶಿಗೆ ಓದಲು ಕಳಿಸಿದವರೂ ವೀರಣ್ಣನವರೇ. ಕಲಿತವರು ತಮ್ಮ ಬಳಿಯೇ ಇರಲಿ ಅಂತ ಕಟ್ಟಿಹಾಕಲಿಲ್ಲ. ಕಲಿತದ್ದನ್ನು ಅವರು ಸಿನಿಮಾಕ್ಕೋ ಬೇರೆ ರಂಗಕ್ಕೋ ಕೊಂಡೊಯ್ದು ತಮ್ಮದಾಗಿಸಿಕೊಂಡರು.

ನನಗೆ ಈಗ ಬೇಕಾಗಿರುವುದು ಆ ಕಾಲದ ನಾಟಕ ಕಂಪನಿಗಳ ಕರಪತ್ರಗಳು. ಮೇಲೆ ನಾಟಕದ ಹೆಸರು ದಪ್ಪಕ್ಷರದಲ್ಲಿ, ಕೆಳಗೆ ಟಿಕೆಟ್ ದರ ಸಣ್ಣಕ್ಷರದಲ್ಲಿ. ಆ ದಪ್ಪಕ್ಷರಗಳ ಗತ್ತು ಇವತ್ತಿನ ಯಾವ ಕಂಪ್ಯೂಟರ್ ಫಾಂಟಿನಲ್ಲೂ ನನಗೆ ಕಂಡಿಲ್ಲ. ಅವು ಫಾಂಟಾಗಬೇಕು, ಮುಕ್ತ ಪರವಾನಗಿಯಲ್ಲಿ ಬರಬೇಕು, ಗುಬ್ಬಿ ನವಿಲುಗಳ ಪಟ್ಟಿಯಲ್ಲೇ ಸೇರಬೇಕು. ಗುಬ್ಬಿ, ನಿಟ್ಟೂರು, ಕುಣಿಗಲ್ ಕಡೆಯ ಹಳೆಯ ಮನೆಗಳ ಅಟ್ಟದಲ್ಲಿ ಅಂಥ ಕಾಗದ ಇದ್ದವರು ಅದನ್ನು ಒಲೆಗೋ ಗುಜರಿಗೋ ಹಾಕುವ ಮೊದಲು ಒಂದು ಒಳ್ಳೆಯ ಬೆಳಕಿನಲ್ಲಿ, ನೇರವಾಗಿ ಮೇಲಿನಿಂದ, ಮಡಿಕೆ ಬಿಡಿಸಿ ಫೋಟೊ ತೆಗೆದಿಡಿ. ಕ್ಷ, ಜ್ಞ, ಙ ಇರುವ ತುಣುಕು ಸಿಕ್ಕರಂತೂ ಬಿಡಲೇಬೇಡಿ.