ಹೆಬ್ಬೆಟ್ಟಿನ ಗುರುತು

ನಮ್ಮ ಹಿರಿಯರ ಕಾಲದಲ್ಲಿ ಹೆಬ್ಬೆಟ್ಟು ಒತ್ತುವುದೆಂದರೆ ಸಂಕೋಚದ ಸಂಗತಿಯಾಗಿತ್ತು. ಅಕ್ಷರ ಬಾರದವರು ಮಾತ್ರ ಒತ್ತುತ್ತಿದ್ದರು. ಆ ಸಂಕೋಚವನ್ನು ನೀಗಲೆಂದೇ ಎಷ್ಟೋ ತಂದೆತಾಯಂದಿರು ಹೊಟ್ಟೆ ಬಟ್ಟೆ ಕಟ್ಟಿ ಮಕ್ಕಳನ್ನು ಶಾಲೆಗೆ ಕಳುಹಿಸಿದರು. ಆದರೆ ಕಾಲಚಕ್ರ ತಿರುಗಿ, ಇಂದು ಪದವೀಧರರೂ ಹೆಬ್ಬೆಟ್ಟು ಒತ್ತುವ ದಿನಗಳು ಬಂದಿವೆ. ಸೇಡಂ ತಾಲ್ಲೂಕಿನ ನಮ್ಮ ಮುಧೋಳದಲ್ಲಿಯೂ ಪಡಿತರದ ಅಕ್ಕಿಗೆ, ಹೊಸ ಸಿಮ್ಮಿಗೆ, ಖಾತೆಯಲ್ಲಿನ ಪಿಂಚಣಿ ಹಣಕ್ಕೆ ಬೆರಳೇ ಸಾಕ್ಷಿ.

"ನಮ್ಮಂಥ ಬಡವರ ಬಲ್ಲಿ ಕದಿಯೋದು ಏನದ?" ಎಂದು ನಮ್ಮ ಹಿರಿಯರು ನಗುವುದನ್ನು ನಾನು ಅನೇಕ ಬಾರಿ ಕೇಳಿದ್ದೇನೆ. ಊರಿನಲ್ಲಿ ಯಾರ ಮನೆಯ ಗುಟ್ಟೂ ಹೆಚ್ಚು ಕಾಲ ನಿಲ್ಲದು, ನಿಜ. ಆದರೆ ಅಲ್ಲಿ ನಮ್ಮನ್ನು ಬಲ್ಲವರನ್ನು ನಾವೂ ಬಲ್ಲೆವು. ತಪ್ಪಾದರೆ ಅವರ ಮನೆಯ ಮುಂದೆ ನಿಂತು ಕೇಳಬಲ್ಲೆವು. ಜಾಲತಾಣದಲ್ಲಿ ಉಳಿದುಹೋದ ನಮ್ಮ ಹೆಸರು, ಸಂಖ್ಯೆ, ಬೆರಳಚ್ಚುಗಳನ್ನು ಎಲ್ಲಿಯೋ ಕುಳಿತು ನೋಡುವವನ ಮುಖವನ್ನು ನಾವೆಂದೂ ಕಾಣಲಾರೆವು.

2023ರಲ್ಲಿ ನಮ್ಮ ರಾಜ್ಯದಲ್ಲಿಯೇ ಇದು ನಡೆಯಿತು. ಬೆಂಗಳೂರು, ಮಂಗಳೂರುಗಳಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಖಾತೆಗಳಿಂದ ಅವರ ಅರಿವಿಲ್ಲದೆಯೇ ಹಣ ಹೋಯಿತು. ನೋಂದಣಿ ಇಲಾಖೆಯ 'ಕಾವೇರಿ' ಜಾಲತಾಣದಿಂದ ಪತ್ರಗಳ ಪ್ರತಿಗಳನ್ನು ಇಳಿಸಿಕೊಂಡು, ಅದರಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಗಳನ್ನು ವಂಚಕರು ಬಳಸಿದ್ದರೆಂದು ಪೊಲೀಸರು ತಿಳಿಸಿದರು. ಮಂಗಳೂರು ಪೊಲೀಸರು ಈ ಸಂಬಂಧ ಬಿಹಾರದ ಕೆಲವರನ್ನು ಬಂಧಿಸಿದರು. ಆಧಾರ್ ಆಧಾರಿತ ಹಣ ಪಾವತಿಗೆ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಸಾಕು; ಗುಪ್ತ ಸಂಖ್ಯೆಯೂ ಬೇಡ, ಮೊಬೈಲಿಗೆ ಬರುವ ಒಟಿಪಿಯೂ ಬೇಡ. ಅಕ್ಷರ ಬಾರದವರಿಗೆ ಅನುಕೂಲವಾಗಲೆಂದು ಮಾಡಿದ ಸೌಲಭ್ಯವೇ ಕಳ್ಳನಿಗೂ ಅನುಕೂಲವಾಯಿತು. ಬೀಗ ಕೆಟ್ಟರೆ ಹೊಸ ಬೀಗ ತರಬಹುದು. ದೇವರು ಕೊಟ್ಟ ಬೆರಳನ್ನು ಬದಲಿಸುವುದು ಹೇಗೆ?

ಈ ಅಪಾಯವನ್ನು ಬಹು ಮೊದಲೇ ಮನಗಂಡವರು ಕನ್ನಡಿಗರೊಬ್ಬರು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ ಇಳಿವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಅದರ ಫಲವಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. 2024ರಲ್ಲಿ ತೀರಿಕೊಂಡ ಆ ಹಿರಿಯರ ಹೆಸರಿನಲ್ಲಿಯೇ ಆ ತೀರ್ಪು ಪ್ರಸಿದ್ಧವಾಗಿದೆ. 2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯ್ದೆಯೂ ಬಂದಿತು. ನಮ್ಮ ವಿವರಗಳನ್ನು ಕೇಳುವವರು ಅದು ಯಾವುದಕ್ಕೆಂದು ತಿಳಿಸಬೇಕು. ಆ ತಿಳಿವಳಿಕೆಯನ್ನು ಕನ್ನಡದಲ್ಲಿಯೇ ಪಡೆಯುವ ಅವಕಾಶ ನಮಗಿರಬೇಕು. ಕೊಟ್ಟ ಒಪ್ಪಿಗೆಯನ್ನು ನಾವು ಹಿಂಪಡೆಯಬಹುದು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಕಟ್ಟಳೆಗಳ ಜಾರಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶವಿದೆ.

ಕಾನೂನು ಬರುವವರೆಗೆ ಕೈಕಟ್ಟಿ ಕುಳಿತಿರಬೇಕಿಲ್ಲ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ನಮ್ಮ ಬೆರಳಚ್ಚಿಗೆ ಬೀಗ ಹಾಕಬಹುದು, ಬೇಕಾದಾಗ ತೆರೆಯಬಹುದು. ಕೊನೆಯ ನಾಲ್ಕು ಅಂಕಿಗಳನ್ನು ಮಾತ್ರ ತೋರಿಸುವ ಆಧಾರ್ ಪ್ರತಿಯೂ ಅಲ್ಲಿಯೇ ದೊರೆಯುತ್ತದೆ. ಹಣ ಹೋಯಿತೆಂದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಬೇಕು. ಓದಿದ ಮಕ್ಕಳು ಪುಣೆ, ಹೈದರಾಬಾದ್‌ಗಳಿಂದ ಹಬ್ಬಕ್ಕೆ ಬಂದಾಗ ಅಜ್ಜ ಅಜ್ಜಿಯರಿಗೆ ಇದಿಷ್ಟನ್ನು ಮಾಡಿಕೊಟ್ಟರೆ ಸೀರೆ ಧೋತರಗಳಿಗಿಂತ ದೊಡ್ಡ ಉಡುಗೊರೆಯಾದೀತು.

ಹಾಗೆಯೇ, ಇನ್ನೊಬ್ಬರ ಕಾಗದಪತ್ರ ನಮ್ಮ ಕೈಗೆ ಬಂದಾಗ ನಾವು ಹೇಗಿರುತ್ತೇವೆ? ಸಂಘದ ಅರ್ಜಿಗೆಂದು ನೆರೆಯವರು ಕೊಟ್ಟ ಆಧಾರ್ ಪ್ರತಿ, ಮೊಬೈಲಿಗೆ ಬಂದ ಅವರ ಪಾಸ್‌ಬುಕ್ಕಿನ ಚಿತ್ರ, ಇವೆಲ್ಲವೂ ನಂಬಿ ಇಟ್ಟ ಒಡವೆಗಳೇ. ಕೆಲಸ ಮುಗಿದ ಮೇಲೆ ಅವುಗಳನ್ನು ಹಿಂದಿರುಗಿಸೋಣ ಇಲ್ಲವೇ ಅಳಿಸಿಹಾಕೋಣ. ದುಡಿದು ಸವೆದ ಬೆರಳನ್ನು ನಂಬಿಕೆಯಿಂದ ಯಂತ್ರದ ಮೇಲಿಡುವ ಮುದುಕಿಗೆ ನಾವು ತೋರಬಹುದಾದ ಗೌರವ ಅದು.