ಟಿಕೆಟ್ ಕೊಂಡು ಕೂಲಿಗೆ

ಅಮೆರಿಕದ ನಟ್ಟನಡುವಿನ ಅಯೋವಾ ರಾಜ್ಯವನ್ನು ನೋಡಲೆಂದೇ ನಮ್ಮ ಕಡೆಯಿಂದ ಯಾರೂ ಹೊರಡುವುದಿಲ್ಲ. ಅಲ್ಲಿ ನಯಾಗರವಿಲ್ಲ, ಸ್ವಾತಂತ್ರ್ಯದೇವಿಯ ಪ್ರತಿಮೆಯಿಲ್ಲ. ವಿಮಾನದ ಕಿಟಕಿಯಲ್ಲಿ ಇಣುಕಿದರೆ ಮುಸುಕಿನ ಜೋಳ, ಸೋಯಾ, ಮತ್ತೆ ಮುಸುಕಿನ ಜೋಳ. ನನ್ನ ತಂಗಿಯ ಮಗಳು ರಾಜಧಾನಿ ಡೆ ಮೊಯ್ನ್‌ನಲ್ಲಿ ಇನ್ಶೂರೆನ್ಸ್ ಕಂಪನಿಯ ಕೆಲಸದಲ್ಲಿದ್ದಾಳೆಂಬ ಕಾರಣಕ್ಕೆ ನಾನು ಹೋದದ್ದು. "ದೊಡ್ಡಮ್ಮ, ನಿಮ್ಮನ್ನ ಮಾಲ್‌ಗೆ ಕರ್ಕೊಂಡು ಹೋಗಿ ಏನು ಪ್ರಯೋಜನ? ನಡೀರಿ, ಹೊಲಕ್ಕೆ ಹೋಗೋಣ" ಎಂದು ಅಕ್ಟೋಬರಿನ ಒಂದು ಬೆಳಿಗ್ಗೆ ಇಬ್ಬರು ಮಕ್ಕಳೊಂದಿಗೆ ನನ್ನನ್ನೂ ಕಾರು ಹತ್ತಿಸಿದಳು.

ಊರಂಚಿನ ಅರ್ಬನ್‌ಡೇಲ್‌ನಲ್ಲಿರುವ ಆ ಜಾಗದ ಹೆಸರು ಲಿವಿಂಗ್ ಹಿಸ್ಟರಿ ಫಾರ್ಮ್ಸ್. ಸುಮಾರು 500 ಎಕರೆ. ಪಕ್ಕದಲ್ಲೇ ಹೆದ್ದಾರಿ, ಲಾರಿಗಳ ಮೊರೆತ ಕಿವಿ ಬಿಡುವುದಿಲ್ಲ. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕೃಷಿ ಅರ್ಥಶಾಸ್ತ್ರ ಕಲಿಸುತ್ತಿದ್ದ ವಿಲಿಯಂ ಮರ್ರೆ ಎಂಬವರು 1970ರಲ್ಲಿ ಇದನ್ನು ಕಟ್ಟಿದರು. ಗವರ್ನರ್ ಹುದ್ದೆಗೆ ಎರಡು ಸಲ ನಿಂತು ಎರಡು ಸಲವೂ ಸೋತವರು. ಗೆದ್ದಿದ್ದರೆ ಈ ಹೊಲ ಹುಟ್ಟುತ್ತಿತ್ತೋ ಇಲ್ಲವೋ! 1979ರ ಅಕ್ಟೋಬರ್ 4ರಂದು ಪೋಪ್ ಎರಡನೆಯ ಜಾನ್ ಪಾಲ್ ಇಲ್ಲಿಗೆ ಬಂದು, ಮೂರು ಲಕ್ಷಕ್ಕೂ ಮಿಕ್ಕಿದ ಜನರ ಮುಂದೆ ಪೂಜೆ ಸಲ್ಲಿಸಿದ್ದರು. ಅವರನ್ನು ಕರೆದದ್ದು ಸಾಮಾನ್ಯ ರೈತನೊಬ್ಬ ಕೈಯಾರೆ ಬರೆದ ಒಂದು ಕಾಗದ.

ಇಲ್ಲಿ ಮೂರು ಕಾಲದ ಮೂರು ಹೊಲಗಳಿವೆ: 1700ರದ್ದು, 1850ರದ್ದು, 1900ರದ್ದು. ಮೂರರಲ್ಲೂ ನಿಜವಾಗಿಯೇ ಉತ್ತು ಬಿತ್ತಿ ಬೆಳೆಯುತ್ತಾರೆ. ಬಂದ ಮಕ್ಕಳ ಕೈಗೆ ಕೆಲಸ ಹಚ್ಚುತ್ತಾರೆ.

ಮೊದಲನೆಯದು ಅಯೋವೇ ಬುಡಕಟ್ಟಿನವರ ಹೊಲ. ರಾಜ್ಯಕ್ಕೆ ಹೆಸರು ಕೊಟ್ಟವರು ಇವರೇ. ಮರದ ತೊಗಟೆ ಹೊದಿಸಿದ ಉದ್ದನೆಯ ಮನೆ, ಕಾಡೆಮ್ಮೆಯ ಭುಜದ ಮೂಳೆಯನ್ನು ಕೋಲಿಗೆ ಬಿಗಿದು ಮಾಡಿದ ಗುದ್ದಲಿ. ಒಂದೇ ಗುಡ್ಡೆಯಲ್ಲಿ ಮುಸುಕಿನ ಜೋಳ, ಅದರ ದಂಟಿಗೆ ಹಬ್ಬುವ ಹುರುಳಿಕಾಯಿ ಬಳ್ಳಿ, ನೆಲ ಮುಚ್ಚುವ ಕುಂಬಳ. ರಾಗಿಯ ಸಾಲುಗಳ ನಡುವೆ ಅವರೆ, ಹುಚ್ಚೆಳ್ಳಿನ ಅಕ್ಕಡಿ ಹಾಕುವ ಅರಸೀಕೆರೆ ಸೀಮೆಯವಳಾದ ನನಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಚಿಕ್ಕವನು ಮೂಳೆಯ ಗುದ್ದಲಿ ಹಿಡಿದು ಒಂದಷ್ಟು ಮಣ್ಣು ಕೆದಕಿದ. ಒಣಗಿದ ಕಾಳನ್ನು ಮರದ ಒರಳಲ್ಲಿ ಹಾಕಿ ಒನಕೆ ಕೊಟ್ಟಾಗ ದೊಡ್ಡವಳು ನಾಲ್ಕು ಏಟಿಗೇ ಏದುಸಿರು ಬಿಟ್ಟಳು. ನಾನೂ ಕೈ ಹಾಕಿದೆ. ಏಟು ಲಯಕ್ಕೆ ಬಿದ್ದ ಮೇಲೆ ಅಲ್ಲಿನ ಕೆಲಸದ ಹುಡುಗಿ ತಾನು ಹೇಳುತ್ತಿದ್ದ ಪಾಠ ನಿಲ್ಲಿಸಿ ನೋಡುತ್ತ ನಿಂತಳು!

ಹೆಚ್ಚಿನ ಕುಟುಂಬಗಳು ಇಲ್ಲಿ ಹತ್ತು ನಿಮಿಷ ನಿಂತು ಕುದುರೆಗಳತ್ತ ಓಡುತ್ತವೆ. ನನಗದು ಸರಿ ಕಾಣಲಿಲ್ಲ. 1836ರ ಒಪ್ಪಂದದಲ್ಲಿ ಅಯೋವೇ ಜನರನ್ನು ಈಗಿನ ಕನ್ಸಾಸ್–ನೆಬ್ರಾಸ್ಕ ಗಡಿಗೆ ಸಾಗಹಾಕಿದರು. ಆಮೇಲೆ ಕೆಲವರು ಒಕ್ಲಹೋಮಕ್ಕೆ ಹೋದರು. 1846ರಲ್ಲಿ ಅಯೋವಾ ರಾಜ್ಯವಾಗುವ ಹೊತ್ತಿಗೆ ಹೆಸರಷ್ಟೇ ಉಳಿದಿತ್ತು. ಮುಂದಿನ ಎರಡು ಹೊಲಗಳು ಎದ್ದದ್ದು ಹೀಗೆ ಖಾಲಿಯಾದ ನೆಲದಲ್ಲಿ ಎಂಬುದನ್ನು ಮಕ್ಕಳಿಗೆ ಹೇಳಿಯೇ ಮುಂದೆ ಕರೆದುಕೊಂಡು ಹೋಗಬೇಕು. ಹೇಳಿದೆ. "ಅವರು ವಾಪಸ್ ಬರಲಿಲ್ವಾ ಅಜ್ಜಿ?" ಎಂದ ಚಿಕ್ಕವನು.

1850ರ ಹೊಲದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಎತ್ತುಗಳು. ದೈತ್ಯ ಪ್ರಾಣಿಗಳು, ಆದರೆ ಮೂಗುದಾರವಿಲ್ಲ! ಎಡಬದಿಯಲ್ಲಿ ನಡೆಯುವವನ ಕೈಯಲ್ಲಿ ಒಂದು ಕೋಲು, ಬಾಯಲ್ಲಿ ಮಾತು. "ಜೀ" ಅಂದರೆ ಬಲಕ್ಕೆ, "ಹಾ" ಅಂದರೆ ಎಡಕ್ಕೆ. ಇನ್ನೊಂದು ವಿಚಾರ: ಆ ದನಗಳಿಗೆ ಹಿಣಿಲಿಲ್ಲ. ನಮ್ಮಲ್ಲಿ ನೊಗ ನಿಲ್ಲುವುದೇ ಹಿಣಿಲಿನ ಮುಂದೆ. ಇಲ್ಲೇನು ಗತಿ? ಮರದ ಕೋಲನ್ನು ಹಬೆಯಲ್ಲಿ ಮೆದುಗೊಳಿಸಿ ಬಿಲ್ಲಿನಂತೆ ಬಗ್ಗಿಸಿ, ಕೊರಳ ಕೆಳಗಿನಿಂದ ಸುತ್ತಿಸಿ, ಎರಡು ತುದಿಗಳನ್ನೂ ನೊಗದ ತೂತಿಗೆ ಸಿಕ್ಕಿಸುತ್ತಾರೆ. ಎತ್ತು ಹೆಗಲು ಕೊಟ್ಟಾಗ ಭಾರ ಬೀಳುವುದು ಕೊರಳು–ಭುಜ ಕೂಡುವ ಕಡೆ. ಆ ಕಟ್ಟು ಬಿಚ್ಚಿ ತೋರಿಸಿ ಎಂದು ಕೇಳಿದೆ, ಹುರುಪಿನಿಂದಲೇ ತೋರಿಸಿದರು.

ಆ ಕಾಲದ ರೈತನಿಗೆ ಎದುರಾಗಿದ್ದು ಆಳೆತ್ತರದ ಹುಲ್ಲುಗಾವಲು. ಬೇರುಗಳು ಹೆಣೆದುಕೊಂಡ ಆ ನೆಲವನ್ನು ಮೊದಲ ಸಲ ಸೀಳಲು ಹಲವು ಜೋಡಿ ಎತ್ತು ಕಟ್ಟಬೇಕಿತ್ತು. ಜಿಗುಟು ಮಣ್ಣು ಎರಕದ ಕಬ್ಬಿಣದ ನೇಗಿಲಿಗೆ ಅಂಟಿ, ಹೆಜ್ಜೆಹೆಜ್ಜೆಗೂ ಕೆರೆಯಬೇಕಾಗುತ್ತಿತ್ತು. ಜಾನ್ ಡೀರ್ ಎಂಬ ಕಮ್ಮಾರ 1837ರಲ್ಲಿ ನೆರೆಯ ಇಲಿನಾಯ್‌ನಲ್ಲಿ ನುಣುಪಾದ ಉಕ್ಕಿನ ನೇಗಿಲು ಮಾಡಿದ್ದು ಇದೇ ಕಾರಣಕ್ಕೆ. ಈಗ ನಮ್ಮೂರಲ್ಲೂ ಓಡುವ ಹಸಿರು ಟ್ರ್ಯಾಕ್ಟರಿನ ಮೇಲೆ ಅವನದೇ ಹೆಸರು. ಆ ಹುಲ್ಲುಗಾವಲು ಅಯೋವಾದಲ್ಲಿ ಸಾವಿರಕ್ಕೆ ಒಂದು ಪಾಲೂ ಉಳಿದಿಲ್ಲ.

1900ರ ಹೊಲದಲ್ಲಿ ಪರ್ಶೆರಾನ್ ಕುದುರೆಗಳು ಎತ್ತಿನ ಜಾಗಕ್ಕೆ ಬಂದಿವೆ. ತೆನೆ ಮುರಿಯುವ ಕಾಲ. ಅಂಗೈಗೆ ಕಬ್ಬಿಣದ ಕೊಕ್ಕೆ ಕಟ್ಟಿಕೊಂಡು, ಒಂದೇ ಎಳೆತಕ್ಕೆ ಮುಸುಕು ಸೀಳಿ ತೆನೆಯನ್ನು ಗಾಡಿಗೆ ಎಸೆಯುತ್ತಾರೆ. ಗಾಡಿಯ ಆಚೆ ಬದಿಗೆ ಎತ್ತರದ ಹಲಗೆ, ತೆನೆ ಅದಕ್ಕೆ ಬಡಿದು ಒಳಗೇ ಬೀಳುತ್ತದೆ. ಮಕ್ಕಳಿಗೆ ಕೊಕ್ಕೆ ಕೊಡಲಿಲ್ಲ, ಬರಿಗೈಯಲ್ಲೇ ಸುಲಿಸಿದರು. ನಂತರ ಕಾಳು ಬಿಡಿಸುವ ಯಂತ್ರ. ಒಬ್ಬರು ತೆನೆ ತುರುಕಬೇಕು, ಇನ್ನೊಬ್ಬರು ಹಿಡಿ ತಿರುಗಿಸಬೇಕು. ಕಾಳು ಬುಟ್ಟಿಗೆ, ಬೆಂಡು ಇನ್ನೊಂದು ಬದಿಗೆ. ಆ ಕಾಳನ್ನು ಕೋಳಿಗಳಿಗೆ ಹಾಕಿಸಿದರು, ಬೆಂಡನ್ನು ಒಲೆಗೆ ಒಯ್ದರು. ನನಗೆ ಬಹಳ ಹಿಡಿಸಿದ್ದು ಇದು. ಮಕ್ಕಳು ಮಾಡಿದ ಕೆಲಸಕ್ಕೆ ಕಾಯುತ್ತಿರುವವರಿದ್ದರು. ಫೋಟೋಗೆಂದು ಕುಂಬಾರನ ಚಕ್ರಕ್ಕೆ ಬೆರಳು ತಾಗಿಸಿ ಬರುವ ನಮ್ಮ ಕರಕುಶಲ ಮೇಳಗಳಲ್ಲಿ ಇಲ್ಲದಿರುವುದೂ ಇದೇ.

ಬಟ್ಟೆ ಒಗೆಯುವುದು ಬೇರೆ ಪಾಠ. ಪಂಪು ಒತ್ತಿ ನೀರು, ಬಕೆಟ್ ಹೊತ್ತು ತಂದು ತೊಟ್ಟಿಗೆ, ಗೀರುಗೀರಿನ ಹಲಗೆಯ ಮೇಲೆ ಉಜ್ಜು, ಎರಡು ಉರುಳೆಗಳ ನಡುವೆ ಹಾಯಿಸಿ ಹಿಂಡು. ದೊಡ್ಡವಳು ಒಂದು ಟವೆಲ್ ಮುಗಿಸಿ ಉಳಿದ ರಾಶಿ ನೋಡಿದಳು. "ಇಷ್ಟೂ ಒಬ್ಬರೇನಾ?" ಒಬ್ಬಳೇ, ವಾರವಾರವೂ, ಜೊತೆಗೆ ಅಡುಗೆ. ಅವಳಮ್ಮ ಫೋನು ಜೇಬಿಗಿಟ್ಟು ಬಕೆಟ್ ಎತ್ತಿಕೊಂಡಳು.

ಕೊರತೆ ಇಲ್ಲವೆಂದಲ್ಲ. ಎಲ್ಲವೂ ತುಸು ಹೆಚ್ಚೇ ಚೊಕ್ಕಟ. ಬ್ಯಾಂಕಿನ ಸಾಲ, ಮಿಡತೆ ಹಿಂಡು, ಜ್ವರಕ್ಕೆ ಹೋದ ಕೂಸುಗಳನ್ನು ಯಾವ ಹೊಲವೂ ಮಕ್ಕಳ ಕೈಗೆ ಕೊಡಲಾರದು, ಒಪ್ಪುತ್ತೇನೆ. ಆದರೆ ಬಾಯಿಮಾತಿನಲ್ಲಾದರೂ ಇನ್ನಷ್ಟು ಹೇಳಬಹುದಿತ್ತು. 1870ರ ದಶಕದ ಮಾದರಿ ಪೇಟೆ ವಾಲ್ನಟ್ ಹಿಲ್‌ನಲ್ಲಿ ಕಮ್ಮಾರಸಾಲೆ, ಒಂದೇ ಕೋಣೆಯ ಶಾಲೆಗಳಿವೆ. ನಮಗೆ ಕಾಲು ಸೋತಿತ್ತು, ಬೇಗ ದಾಟಿದೆವು.

ಮಗ, ಮಗಳನ್ನು ನೋಡಲು ಆ ಕಡೆ ಹೋಗುವ ಹಿರಿಯರಿಗೆ ಒಂದು ಮಾತು: ಮೊಮ್ಮಕ್ಕಳನ್ನು ಕರೆದುಕೊಂಡು ಇಲ್ಲಿಗೆ ಖಂಡಿತ ಹೋಗಿ. ಹೊಲಗಳು ತೆರೆದಿರುವುದು ಬೇಸಿಗೆಯಿಂದ ಅಕ್ಟೋಬರಿನ ತನಕ. ದಿನ, ವೇಳೆ ಮೊದಲೇ ವಿಚಾರಿಸಿಕೊಳ್ಳಿ. ಹಳೆಯ ಬಟ್ಟೆ, ಗಟ್ಟಿ ಬೂಟು ಇರಲಿ. ಅಯೋವೇ ಹೊಲದಿಂದಲೇ ಶುರುಮಾಡಿ, ಅಲ್ಲಿ ಅವಸರ ಮಾಡಬೇಡಿ. ಒನಕೆ ಸಿಕ್ಕರೆ ನೀವೂ ಹಿಡಿಯಿರಿ.